ಗಜನಿಯಿಂದ ಬೆಳ್ಳಿಪರದೆಗೆ: ಉತ್ತರ ಕನ್ನಡದ ಜನಜೀವನದ ಸಾಕ್ಷ್ಯಚಿತ್ರ ತಯಾರಿಸಿ ತೋರಿಸುವವರಿಗೆ ಸಮಗ್ರ ಮಾರ್ಗದರ್ಶಿ

ಒಂದು ಸಮುದಾಯದವರು ದುಡಿಯುವ, ಉಣ್ಣುವ, ಹಬ್ಬ ಮಾಡುವ, ಕೂಡಿ ವಾದಿಸುವ ಬಗೆಯನ್ನು ಅವರ ನಡುವೆ ಬಹುಕಾಲ ಇದ್ದು, ಅವರದೇ ಮಾತಿನಲ್ಲಿ ದಾಖಲಿಸುವ ಚಿತ್ರವನ್ನು ಜನಾಂಗೀಯ ಸಾಕ್ಷ್ಯಚಿತ್ರ ಎಂದು ಕರೆಯುವ ರೂಢಿಯಿದೆ. ಉತ್ತರ ಕನ್ನಡದಲ್ಲಿ ಇಂಥ ಚಿತ್ರಕ್ಕೆ ವಸ್ತುವಿನ ಬರವಿಲ್ಲ. ಕರಾವಳಿಯ ಹಾಲಕ್ಕಿ ಒಕ್ಕಲಿಗರು, ಖಾರ್ವಿಗಳು, ಹರಿಕಂತ್ರರು, ಅಂಬಿಗರು, ಭಟ್ಕಳದ ಗೊಂಡರು ಮತ್ತು ನವಾಯತರು, ಘಟ್ಟದ ಮೇಲಿನ ಸಿದ್ದಿಯರು, ಹವ್ಯಕರು, ಗೌಳಿಗರು, ಜೋಯಿಡಾದ ಕುಣಬಿಗಳು, ಹೀಗೆ ಒಂದೇ ಜಿಲ್ಲೆಯಲ್ಲಿ ಹಲವು ಬದುಕಿನ ಕ್ರಮಗಳು ಅಕ್ಕಪಕ್ಕದಲ್ಲಿವೆ. ಕ್ಯಾಮೆರಾಕ್ಕೂ ಬರವಿಲ್ಲ. ಹೋಳಿ ಹುಣ್ಣಿಮೆ ಹತ್ತಿರವಾದಾಗ ಅಂಕೋಲಾ, ಕುಮಟಾ ಕಡೆಯ ಸುಗ್ಗಿ ಕುಣಿತದ ವಿಡಿಯೋಗಳು ಎಲ್ಲರ ಮೊಬೈಲಿನಲ್ಲೂ ಹರಿದಾಡುತ್ತವೆ. ಅವುಗಳಲ್ಲಿ ಬಹುಪಾಲು ಕುಣಿಯುವವರ ತಲೆಯ ಮೇಲಿನ ತುರಾಯಿಯ ಬಣ್ಣವನ್ನು ತೋರಿಸಿ, ಗುಮಟೆ ವಾದ್ಯದ ದನಿಯ ಮೇಲೆ ಬೇರೆಲ್ಲಿಯದೋ ಸಂಗೀತವನ್ನು ಹಾಕಿ ಮುಗಿಸುತ್ತವೆ. ಕುಣಿದವರಿಗೆ ಆ ಚಿತ್ರವನ್ನು ಯಾರೂ ಕೂರಿಸಿ ತೋರಿಸಿರುವುದಿಲ್ಲ. ಈ ಮಾರ್ಗದರ್ಶಿ ಚಿತ್ರದಲ್ಲಿರುವವರನ್ನೇ ಅದರ ಮೊದಲ ಪ್ರೇಕ್ಷಕರೆಂದು ಎಣಿಸುತ್ತದೆ, ವಿಷಯದ ಆಯ್ಕೆಯಿಂದ ಹಿಡಿದು ಕಡತದ ಸಂರಕ್ಷಣೆಯವರೆಗಿನ ಎಲ್ಲ ಹಂತಗಳನ್ನೂ ಆ ಎಣಿಕೆಯ ಮೇಲೆಯೇ ಜೋಡಿಸುತ್ತದೆ.

ಹಂತ 1: ವಿಷಯವನ್ನು ಕಿರಿದು ಮಾಡಿಕೊಳ್ಳುವುದು

"ಹಾಲಕ್ಕಿಗಳ ಬದುಕು" ಅಥವಾ "ಕರಾವಳಿಯ ಮೀನುಗಾರರು" ಎಂಬ ಹೆಸರಿನಲ್ಲಿ ಚಿತ್ರ ಆರಂಭಿಸಿದವರು ಸಾಮಾನ್ಯವಾಗಿ ಎಲ್ಲವನ್ನೂ ಮುಟ್ಟಿ ಯಾವುದನ್ನೂ ಹಿಡಿಯದೆ ಮುಗಿಸುತ್ತಾರೆ. ಒಂದು ಕೆಲಸ, ಒಂದು ಜಾಗ, ಒಂದು ಕಾಲಚಕ್ರ, ಇಷ್ಟಕ್ಕೆ ವಿಷಯವನ್ನು ಇಳಿಸಿಕೊಂಡರೆ ಸಮುದಾಯವು ತಾನಾಗಿ ಅದರೊಳಗೆ ಬರುತ್ತದೆ. ಉದಾಹರಣೆಗೆ ಅಘನಾಶಿನಿ ನದಿಯ ಅಳಿವೆಯ ಗಜನಿ ಭೂಮಿಯನ್ನು, ಅಂದರೆ ಉಪ್ಪುನೀರು ಬಂದುಹೋಗುವ ತಗ್ಗು ಗದ್ದೆಗಳನ್ನು, ತೆಗೆದುಕೊಳ್ಳಬಹುದು. ಕುಮಟಾ ತಾಲೂಕಿನ ಮಾಣಿಕಟ್ಟದ ಸುತ್ತ ಉಪ್ಪುನೀರನ್ನು ತಡೆದುಕೊಳ್ಳುವ ಕಗ್ಗ ಭತ್ತವನ್ನು ಮಳೆಗಾಲದಲ್ಲಿ ಗೊಬ್ಬರವಿಲ್ಲದೆ ಬೆಳೆಯುತ್ತಾರೆ. ಕೊಯ್ಲಾದ ಮೇಲೆ ಅದೇ ಗದ್ದೆಗೆ ಉಪ್ಪುನೀರು ಬಿಟ್ಟು ಮೀನು, ಸಿಗಡಿ ಹಿಡಿಯುತ್ತಾರೆ. ನೀರನ್ನು ಒಳಬಿಡುವ, ಹೊರಬಿಡುವ ಜಂತ್ರಡಿಯನ್ನು ಯಾವಾಗ ತೆರೆಯಬೇಕು, ಒಡ್ಡು ಒಡೆದರೆ ದುರಸ್ತಿಗೆ ಯಾರು ಬರಬೇಕು, ಮೀನಿನ ಪಾಲು ಯಾರಿಗೆ ಎಷ್ಟು ಎಂಬ ಪ್ರಶ್ನೆಗಳಲ್ಲಿ ಊರಿನ ಇಡೀ ಸಂಬಂಧಜಾಲವೇ ಇದೆ. ಪಕ್ಕದ ಊರಿನವರು ಗದ್ದೆಯನ್ನು ಸಿಗಡಿ ಕೆರೆ ಮಾಡಲು ಏಕೆ ಕೊಟ್ಟರು, ಕೆಲವರು ಏಕೆ ಹಡಿಲು ಬಿಟ್ಟರು ಎಂಬ ಕಥೆಯೂ ಅಲ್ಲಿಯೇ ಸಿಗುತ್ತದೆ. ಹೀಗೆಯೇ ಸಾಣಿಕಟ್ಟೆಯ ಉಪ್ಪಿನ ಆಗರ, ಕಡಲತೀರದಲ್ಲಿ ನಿಂತು ಎಳೆಯುವ ರಂಪಣಿ ಬಲೆ, ಯಲ್ಲಾಪುರ, ಹಳಿಯಾಳ ಕಡೆಯ ಸಿದ್ದಿಯರ ಡಮಾಮಿ ಕುಣಿತ, ಎರಡು ವರ್ಷಕ್ಕೊಮ್ಮೆ ನಡೆಯುವ ಶಿರಸಿಯ ಮಾರಿಕಾಂಬಾ ಜಾತ್ರೆಗೆ ಮುಂಚಿನ ತಿಂಗಳುಗಳ ಸಿದ್ಧತೆ, ಇವೆಲ್ಲವೂ ಒಂದು ಚಿತ್ರದ ಅಳತೆಗೆ ಸರಿಯಾಗಿ ಹೊಂದುವ ವಿಷಯಗಳಾಗಿವೆ.

ಆಯ್ದ ವಿಷಯದ ಬಗ್ಗೆ ಈಗಾಗಲೇ ಏನು ದಾಖಲಾಗಿದೆ ಎಂಬುದನ್ನು ಕ್ಯಾಮೆರಾ ಎತ್ತುವ ಮೊದಲೇ ತಿಳಿಯಬೇಕು. ಈ ಜಿಲ್ಲೆಯ ಜನಪದ ಹಾಡು, ಕಥೆಗಳನ್ನು ಎಲ್.ಆರ್. ಹೆಗಡೆ, ಎನ್.ಆರ್. ನಾಯಕ, ಶಾಂತಿ ನಾಯಕ ಮುಂತಾದವರು ದಶಕಗಳ ಕಾಲ ಸಂಗ್ರಹಿಸಿದ್ದಾರೆ. ನೀವು ಹೊಸದೆಂದುಕೊಂಡ ಹಾಡಿನ ಇನ್ನೊಂದು ಪಾಠ ಅಲ್ಲಿ ಸಿಗಬಹುದು. ಬಾಂಬೆ ಪ್ರಾಂತ್ಯದ 1883ರ ಗ್ಯಾಝೆಟಿಯರಿನ ಕೆನರಾ ಸಂಪುಟಗಳೂ ಉಪಯುಕ್ತವೇ, ಆದರೆ ಅಲ್ಲಿಯ ಜಾತಿವರ್ಣನೆಗಳು ಆಳುವವರ ಕಣ್ಣಿನಿಂದ ಬರೆದವು. ಅವನ್ನು ಹಾಗೆಯೇ ಎತ್ತಿ ನಿರೂಪಣೆಗೆ ಹಾಕಿದರೆ, ಇವತ್ತು ಕಾಲೇಜಿನಲ್ಲಿ ಓದುತ್ತಿರುವ ಆ ಸಮುದಾಯದ ಹುಡುಗಿ ಅದನ್ನು ಕೇಳಬೇಕಾಗುತ್ತದೆ ಎಂಬುದು ನೆನಪಿರಲಿ.

ಹಂತ 2: ಒಪ್ಪಿಗೆ ಪಡೆಯುವುದು

ಈ ಹಂತಕ್ಕೆ ಉಳಿದೆಲ್ಲ ಹಂತಗಳಿಗಿಂತ ಹೆಚ್ಚು ಸಮಯ ಬೇಕು, ಮತ್ತು ಚಿತ್ರ ಪ್ರದರ್ಶನವಾದ ಬಳಿಕವೂ ಇದು ಮುಗಿಯುವುದಿಲ್ಲ. ಮೊದಲ ಭೇಟಿಗಳಿಗೆ ಕ್ಯಾಮೆರಾ ಒಯ್ಯದಿರುವುದು ಒಳ್ಳೆಯದು. ಊರಿಗೆ ಹೋಗಿ, ಯಾರ ಮನೆಯ ಜಗಲಿಯಲ್ಲಿ ಕುಳಿತಿರೆಂಬುದೂ ಊರಿನ ಲೆಕ್ಕಕ್ಕೆ ಬರುತ್ತದೆ. ಹಾಲಕ್ಕಿ ಕೊಪ್ಪಗಳಲ್ಲಿ, ಅಂದರೆ ಅವರ ಕೇರಿಗಳಲ್ಲಿ, ಗೌಡ, ಬುದವಂತ, ಕೋಲಕಾರ ಎಂಬ ಸ್ಥಾನಗಳು ಇಂದಿಗೂ ಅರ್ಥ ಉಳಿಸಿಕೊಂಡಿವೆ. ಅವರನ್ನು ಬಿಟ್ಟು ನೇರವಾಗಿ ಯುವಕ ಸಂಘದವರ ಜೊತೆ ಮಾತನಾಡಿ ಸುಗ್ಗಿಯನ್ನು ಚಿತ್ರೀಕರಿಸಲು ಹೋದರೆ, ಅನುಮತಿ ಸಿಕ್ಕಿದಂತೆ ಕಂಡರೂ ಸಿಕ್ಕಿರುವುದಿಲ್ಲ. ಮೀನುಗಾರರ ಕೇರಿಗಳಲ್ಲಿ ಸಮಾಜದ ಹಿರಿಯರು, ಸಹಕಾರಿ ಸಂಘದವರು, ದೋಣಿ ನಡೆಸುವ ತಂಡೇಲರು, ಹೀಗೆ ಬೇರೆ ಕ್ರಮವಿರುತ್ತದೆ. ಹಿರಿಯರ ಒಪ್ಪಿಗೆಯು ಊರೊಳಗೆ ಬರಲು ಸಿಕ್ಕಿದ ದಾರಿ ಅಷ್ಟೇ. ಗೌಡರು "ಅಡ್ಡಿಲ್ಲ, ತೆಗೀರಿ" ಎಂದದ್ದರಿಂದ ಅವರ ಕೊಪ್ಪದ ಅಜ್ಜಿ ತನ್ನ ಹಾಡನ್ನು ಕೊಟ್ಟಳೆಂದು ಅರ್ಥವಲ್ಲ. ಅವಳನ್ನು ಬೇರೆಯಾಗಿ, ಅವಳಿಗೆ ಬಿಡುವಿರುವಾಗ, ಬೇಡವೆನ್ನಲು ಸಂಕೋಚವಾಗದ ರೀತಿಯಲ್ಲಿ ಕೇಳಬೇಕು.

ಏನು ಕೇಳಬೇಕೆಂಬುದನ್ನು ಬಿಡಿಸಿಕೊಳ್ಳಿ. ಚಿತ್ರೀಕರಣಕ್ಕೆ ಒಪ್ಪಿಗೆ ಒಂದು, ಊರಿನಲ್ಲಿ ತೋರಿಸಲು ಒಪ್ಪಿಗೆ ಇನ್ನೊಂದು, ಯೂಟ್ಯೂಬಿನಲ್ಲಿ ಹಾಕಲು ಒಪ್ಪಿಗೆ ಮತ್ತೊಂದು, ಸಂಗ್ರಹಾಲಯದಲ್ಲಿ ಶಾಶ್ವತವಾಗಿ ಇಡಲು ಒಪ್ಪಿಗೆ ಮಗದೊಂದು. ಒಂದಕ್ಕೆ ಹೂಂ ಎಂದವರು ಇನ್ನೊಂದಕ್ಕೆ ಬೇಡವೆನ್ನಬಹುದು. ಒಪ್ಪಿಗೆ ಪತ್ರವನ್ನು ಸರಳ ಕನ್ನಡದಲ್ಲಿ, ಅಗತ್ಯವಿದ್ದರೆ ಕೊಂಕಣಿಯಲ್ಲಿಯೂ ಸಿದ್ಧಪಡಿಸಿ, ಓದಿ ಹೇಳಿ, ಪ್ರತಿಯನ್ನು ಅವರ ಕೈಗೆ ಕೊಡಿ. ಓದಲು ಬಾರದವರಿಂದ ಹೆಬ್ಬೆಟ್ಟು ಒತ್ತಿಸಿಕೊಳ್ಳುವುದಕ್ಕಿಂತ ಮಾತಿನ ಒಪ್ಪಿಗೆಯನ್ನು ಕ್ಯಾಮೆರಾದಲ್ಲಿಯೇ ದಾಖಲಿಸುವುದು ಗೌರವದ ಕ್ರಮ. ಹೆಬ್ಬೆಟ್ಟೆಂದರೆ ಭೂಮಿಯ ಕಾಗದ, ಸಾಲದ ಕಾಗದ ಎಂಬ ಭಯ ಈ ಭಾಗದಲ್ಲಿ ಸುಮ್ಮನೆ ಹುಟ್ಟಿದ್ದಲ್ಲ. ಹದಿನೆಂಟು ವರ್ಷದೊಳಗಿನವರಿದ್ದರೆ ಪಾಲಕರ ಒಪ್ಪಿಗೆ ಬೇಕೇ ಬೇಕು, ಜೊತೆಗೆ ಮಗುವಿನ ಮನಸ್ಸೂ ಬೇಕು.

ಹಾಡುವವರ, ಕುಣಿಯುವವರ ವಿಷಯದಲ್ಲಿ ಕಾನೂನೂ ಇದೆ. 1957ರ ಕೃತಿಸ್ವಾಮ್ಯ ಕಾಯ್ದೆಯ 38ನೇ ಕಲಮು ಪ್ರದರ್ಶಕರ ಹಕ್ಕನ್ನು ಗುರುತಿಸುತ್ತದೆ ಮತ್ತು ಅದು 50 ವರ್ಷ ಊರ್ಜಿತದಲ್ಲಿರುತ್ತದೆ. ಹಾಡು ಜನಪದದ್ದಾದ ಮಾತ್ರಕ್ಕೆ ಹಾಡಿದವರ ಹಕ್ಕು ಇಲ್ಲವಾಗುವುದಿಲ್ಲ. ಚಲನಚಿತ್ರದಲ್ಲಿ ಸೇರಿಸಲು ಪ್ರದರ್ಶಕರು ಲಿಖಿತ ಒಪ್ಪಿಗೆ ಕೊಟ್ಟ ಮೇಲೂ, ವಾಣಿಜ್ಯ ಬಳಕೆಯಾದರೆ ಅವರಿಗೆ ರಾಯಧನ ಸಲ್ಲಬೇಕೆಂದು 2012ರ ತಿದ್ದುಪಡಿ ಹೇಳುತ್ತದೆ. ಚಿತ್ರಕ್ಕೆ ಅನುದಾನ ಸಿಕ್ಕಿದ್ದರೆ ಕೆಲಸ ಬಿಟ್ಟು ಕುಳಿತವರ ದಿನದ ಕೂಲಿಯನ್ನಾದರೂ ಆಯವ್ಯಯದಲ್ಲಿ ಮೊದಲೇ ತೋರಿಸಿ. "ಹಣ ಕೊಟ್ಟರೆ ಸಹಜತೆ ಹೋಗುತ್ತದೆ" ಎಂಬ ವಾದವನ್ನು ತಾವು ಸಂಬಳ ಪಡೆಯುವ ತಂತ್ರಜ್ಞರೇ ಮುಂದಿಡುವುದು ಸೋಜಿಗ.

ಇನ್ನೊಂದು ಸೂಕ್ಷ್ಮ ವಿಚಾರಕ್ಕೆ ಇಲ್ಲಿ ಸ್ವಲ್ಪ ನಿಲ್ಲಬೇಕು. ಜನರು ನಂಬಿ ಆಡಿದ ಮಾತು ಅವರಿಗೇ ತೊಂದರೆಯಾಗುವ ಸಾಧ್ಯತೆ ಈ ಜಿಲ್ಲೆಯಲ್ಲಿ ಬಹಳ. ಅರಣ್ಯ ಅತಿಕ್ರಮಣದ ಪ್ರಶ್ನೆ ಸಾವಿರಾರು ಕುಟುಂಬಗಳನ್ನು ಕಾಡುತ್ತಿದೆ. 2006ರ ಅರಣ್ಯ ಹಕ್ಕು ಕಾಯ್ದೆಯಂತೆ ಅರ್ಜಿದಾರರು 2005ರ ಡಿಸೆಂಬರ್ 13ಕ್ಕಿಂತ ಮೊದಲಿನಿಂದ ಆ ಭೂಮಿಯಲ್ಲಿ ಇರಬೇಕು. ಪರಿಶಿಷ್ಟ ಪಂಗಡದವರಲ್ಲದಿದ್ದರೆ ಮೂರು ತಲೆಮಾರು, ಅಂದರೆ 75 ವರ್ಷಗಳ ವಾಸವನ್ನು ತೋರಿಸಬೇಕು. ಸಂದರ್ಶನದಲ್ಲಿ ಯಾರೋ ಒಬ್ಬರು ಲೆಕ್ಕವಿಲ್ಲದೆ ಹೇಳಿದ ಒಂದು ಇಸವಿ ಅವರ ಅರ್ಜಿಗೇ ಎದುರಾಗಿ ನಿಲ್ಲಬಹುದು. ಹಾಗೆಯೇ ಹಳೆಯ ಗುಮಟೆಗಳಿಗೆ ಉಡದ ಚರ್ಮ ಕಟ್ಟುತ್ತಿದ್ದರು. ಉಡವು ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೆಯ ಅನುಸೂಚಿಯಲ್ಲಿರುವ ಪ್ರಾಣಿ. ವಾದ್ಯದ ಸಮೀಪದೃಶ್ಯ, ಅದರ ಪಕ್ಕದಲ್ಲಿ ಬಾರಿಸುವವರ ಮುಖ, ಕೆಳಗೆ ಊರಿನ ಹೆಸರು, ಈ ಮೂರನ್ನು ಒಟ್ಟಿಗೆ ಇಡುವಾಗ ಸಂಪಾದಕರು ಎರಡು ಬಾರಿ ಯೋಚಿಸಬೇಕು. ಅಂಥ ದೃಶ್ಯಗಳ ಒಂದು ಪಟ್ಟಿಯನ್ನು ಚಿತ್ರೀಕರಣದ ದಿನದಿಂದಲೇ ಬರೆದಿಡುತ್ತಾ ಹೋಗಿ. ಸಂಕಲನದ ಹೊತ್ತಿಗೆ ಅದು ಮರೆತುಹೋಗಿರುತ್ತದೆ.

ಸರಕಾರಿ ಅನುಮತಿಗಳು ಇದರ ಮುಂದೆ ಸುಲಭ. ಕಾಡಿನಲ್ಲಿ, ವಿಶೇಷವಾಗಿ ಕಾಳಿ ಹುಲಿ ಸಂರಕ್ಷಿತ ಪ್ರದೇಶದೊಳಗೆ, ಅರಣ್ಯ ಇಲಾಖೆಯ ಲಿಖಿತ ಅನುಮತಿ ಬೇಕು. ಕಾರವಾರದ ನೌಕಾನೆಲೆ ಮತ್ತು ಕೈಗಾ ಅಣುವಿದ್ಯುತ್ ಸ್ಥಾವರದ ಆಸುಪಾಸಿನಲ್ಲಿ ಕ್ಯಾಮೆರಾ ಹೊರತೆಗೆಯುವ ಮುನ್ನವೇ ಎಲ್ಲಿಯವರೆಗೆ ನಿಷಿದ್ಧವೆಂದು ವಿಚಾರಿಸಿ. ಡ್ರೋನ್ ಹಾರಿಸುವವರು 2021ರ ಡ್ರೋನ್ ನಿಯಮಗಳಂತೆ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ಹಸಿರು, ಹಳದಿ, ಕೆಂಪು ವಲಯಗಳನ್ನು ನೋಡಿಕೊಳ್ಳಬೇಕು. ಕೆಂಪು ವಲಯದಲ್ಲಿ ಕೇಂದ್ರ ಸರಕಾರದ ಅನುಮತಿಯಿಲ್ಲದೆ ಹಾರಿಸುವಂತಿಲ್ಲ. ಡ್ರೋನ್ ಇಲ್ಲದಿದ್ದರೆ ಚಿತ್ರಕ್ಕೆ ನಷ್ಟವೇನೂ ಇಲ್ಲ. ಮೇಲಿನಿಂದ ನೋಡಿದ ಗಜನಿ ಚೆಂದವೇ, ಆದರೆ ಅಲ್ಲಿ ಕೆಸರಿನಲ್ಲಿ ನಿಂತವರು ಅದನ್ನು ಎಂದೂ ಹಾಗೆ ನೋಡಿಲ್ಲ.

ಹಂತ 3: ಊರಿನ ಪಂಚಾಂಗಕ್ಕೆ ಹೊಂದಿಕೊಳ್ಳುವುದು

ಚಿತ್ರೀಕರಣದ ವೇಳಾಪಟ್ಟಿಯನ್ನು ತಂಡದ ರಜೆಗಳಂತೆ ಹಾಕುವವರು ಇಲ್ಲಿ ಸೋಲುತ್ತಾರೆ. ಕರ್ನಾಟಕ ಕರಾವಳಿಯಲ್ಲಿ ಯಾಂತ್ರೀಕೃತ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನಗಳ ನಿಷೇಧವಿದೆ. ದೊಡ್ಡ ದೋಣಿಗಳ ಜೀವನ ಬೇಕಾದವರಿಗೆ ಆ ಕಾಲ ಖಾಲಿ, ಬಲೆ ಹೆಣೆಯುವುದು, ದೋಣಿ ರಿಪೇರಿ ಮತ್ತು ಬಿಡುವಿನ ಮಾತು ಬೇಕಾದವರಿಗೆ ಅದೇ ಸುಕಾಲ. ಅಘನಾಶಿನಿಯಲ್ಲಿ ಬಳಚು (ಚಿಪ್ಪುಮೀನು) ಹೆಕ್ಕುವವರನ್ನು ಚಿತ್ರೀಕರಿಸುವುದಾದರೆ ಗಡಿಯಾರವನ್ನು ಬದಿಗಿಟ್ಟು ಇಳಿತವನ್ನು ನೋಡಬೇಕು. ದಿನಕ್ಕೆ ಎರಡು ಬಾರಿ ನೀರು ಇಳಿಯುತ್ತದೆ, ಮರುದಿನ ಅದು ಸುಮಾರು 50 ನಿಮಿಷ ತಡವಾಗಿ ಬರುತ್ತದೆ, ಅಮಾವಾಸ್ಯೆ ಮತ್ತು ಹುಣ್ಣಿಮೆಯ ಆಸುಪಾಸಿನಲ್ಲಿ ಇಳಿತ ಹೆಚ್ಚು. ಆದ್ದರಿಂದ ಒಂದು ದಿನ ಬೆಳಗಿನ ಎಳೆಬಿಸಿಲಿನಲ್ಲಿ ಸಿಕ್ಕ ದೃಶ್ಯ ವಾರದ ಬಳಿಕ ಅದೇ ಹೊತ್ತಿಗೆ ಸಿಗುವುದಿಲ್ಲ; ಬೆಳಕು ಹೊಂದಬೇಕಾದರೆ ಸುಮಾರು ಹದಿನೈದು ದಿನ ಕಾಯಬೇಕು. ಈ ಅಳಿವೆ 2024ರಲ್ಲಿ ಅಂತಾರಾಷ್ಟ್ರೀಯ ಮಹತ್ವದ ಜೌಗುಭೂಮಿಗಳ ರಾಮ್ಸರ್ ಪಟ್ಟಿಗೆ ಸೇರಿತು ಎಂಬುದೂ ಚಿತ್ರದಲ್ಲಿ ಬರಬಹುದು, ಆದರೆ ನೀರಿಗಿಳಿದವರು ಅದರ ಬಗ್ಗೆ ಏನೆನ್ನುತ್ತಾರೆ ಎಂಬುದನ್ನು ಕೇಳಿದ ಮೇಲೆ ಬರಲಿ.

ಗಜನಿಗೆ ಕನಿಷ್ಠ ಒಂದು ಪೂರ್ಣ ವರ್ಷ ಬೇಕು. ಸುಗ್ಗಿಗೂ ಕುಣಿತದ ದಿನಗಳಷ್ಟೇ ಸಾಲವು. ಬೆಂಡು ಕೆತ್ತಿ ತುರಾಯಿ ಕಟ್ಟುವ ದಿನಗಳು, ಹೊರಡುವ ಮೊದಲಿನ ಪೂಜೆ, ಮರಳಿ ಬಂದ ಮೇಲೆ ದಣಿದು ಕುಳಿತ ಹೊತ್ತು, ಇವೆಲ್ಲ ಇದ್ದರೆ ಮಾತ್ರ ಅದು ಮೆರವಣಿಗೆಯ ವಿಡಿಯೋ ಆಗದೆ ಜನರ ಚಿತ್ರವಾಗುತ್ತದೆ. ಹಾಗೆಂದು ಎಲ್ಲದಕ್ಕೂ ಕಾಲ ಕಾಯುವುದಿಲ್ಲ. ಅಂಕೋಲಾದ ಹೊನ್ನಳ್ಳಿಯ ತುಳಸಿ ಗೌಡ 2024ರ ಡಿಸೆಂಬರಿನಲ್ಲಿ, ಬಡಗೇರಿಯ ಸುಕ್ರಿ ಬೊಮ್ಮಗೌಡ 2025ರ ಫೆಬ್ರವರಿಯಲ್ಲಿ ತೀರಿಕೊಂಡರು. ಪದ್ಮಶ್ರೀ ಬಂದ ಕಾರಣ ಅವರ ದನಿ ಒಂದಿಷ್ಟು ದಾಖಲಾಗಿದೆ. ಪ್ರಶಸ್ತಿ ಬಾರದ ಅಜ್ಜಿಯರು ಪ್ರತಿ ಕೊಪ್ಪದಲ್ಲೂ ಇದ್ದಾರೆ. ಅಂಥವರ ಹಾಡನ್ನು ಚಿತ್ರದ ಯೋಜನೆ ಪಕ್ವವಾಗುವವರೆಗೆ ಮುಂದೂಡದೆ, ಒಪ್ಪಿಗೆ ಸಿಕ್ಕ ಕೂಡಲೇ ಧ್ವನಿಯಲ್ಲಾದರೂ ದಾಖಲಿಸಿಕೊಳ್ಳಿ.

ಹಂತ 4: ಸಲಕರಣೆ

ಸಲಕರಣೆಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ನೀವು ಕಣ್ಣುಮುಚ್ಚಿ ಬಳಸಬಲ್ಲ ಒಂದು ಕ್ಯಾಮೆರಾ, ಅಗಲದಿಂದ ಮಧ್ಯಮ ದೂರದವರೆಗಿನ ಒಂದು ಲೆನ್ಸ್, ಬೀಚಿನ ಬಿಸಿಲಿಗೆ ಬೆಳಕು ತಗ್ಗಿಸುವ ಒಂದು ಎನ್‌ಡಿ ಫಿಲ್ಟರ್, ಒಂದು ಟ್ರೈಪಾಡ್ ಸಾಕು. ಒಳ್ಳೆಯ ಮೊಬೈಲಿನಲ್ಲಿಯೂ ಚಿತ್ರ ಮಾಡಬಹುದು. ನಮ್ಮಲ್ಲಿ ವಿದ್ಯುತ್ತು 50 ಹರ್ಟ್ಸ್ ಆದ್ದರಿಂದ ಸೆಕೆಂಡಿಗೆ 25 ಫ್ರೇಮ್ ಮತ್ತು ಶಟರ್ 1/50 ಇಟ್ಟರೆ ಟ್ಯೂಬ್‌ಲೈಟಿನ ಕೆಳಗೆ ಚಿತ್ರ ಮಿನುಗುವುದಿಲ್ಲ. ರಾತ್ರಿಯಿಡೀ ದೀಪದ ಕೆಳಗೆ ನಡೆಯುವ ಯಕ್ಷಗಾನ, ಜಾತ್ರೆಗಳಿಗೆ ಇದು ಮುಖ್ಯ.

ಹಣವಿದ್ದರೆ ಅದನ್ನು ಧ್ವನಿಗೆ ಹಾಕಿ. ಕಡಲತೀರದ ಗಾಳಿ ಕ್ಯಾಮೆರಾದೊಳಗಿನ ಮೈಕಿನಲ್ಲಿ ಗುಡುಗಿನಂತೆ ದಾಖಲಾಗುತ್ತದೆ. ತುಪ್ಪಳದ ಗಾಳಿತಡೆ ಹಾಕಿದ ದಿಕ್ಕುಮೈಕ್, ಕೊರಳಿಗೆ ಸಿಕ್ಕಿಸುವ ಒಂದು ಚಿಕ್ಕ ಮೈಕ್, ಪ್ರತ್ಯೇಕ ರೆಕಾರ್ಡರ್ ಇರಲಿ. 48 ಕಿಲೋಹರ್ಟ್ಸ್, 24 ಬಿಟ್‌ನಲ್ಲಿ ದಾಖಲಿಸಿ. ಪ್ರತಿ ಸ್ಥಳದಲ್ಲೂ ಯಾರೂ ಮಾತನಾಡದ ಒಂದು ನಿಮಿಷದ ಪರಿಸರ ಧ್ವನಿಯನ್ನು ಪ್ರತ್ಯೇಕವಾಗಿ ಹಿಡಿದಿಡಿ. ಸಂಕಲನದಲ್ಲಿ ಎರಡು ಮಾತುಗಳ ನಡುವೆ ಹೊಲಿಗೆ ಕಾಣದಂತೆ ಮಾಡುವುದು ಇದೇ.

ಕರಾವಳಿಯಲ್ಲಿ ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ ಸುರಿಯುತ್ತದೆ, ಉಳಿದ ತಿಂಗಳುಗಳಲ್ಲಿ ಉಪ್ಪಿನ ಗಾಳಿ ಇರುತ್ತದೆ. ಲೆನ್ಸುಗಳನ್ನು ಸಿಲಿಕಾ ಜೆಲ್ ಹಾಕಿದ ಗಾಳಿಯಾಡದ ಡಬ್ಬಿಯಲ್ಲಿಡಿ. ಮಳೆಗಾಲದಲ್ಲಿ ಬೀರುವಿನಲ್ಲಿಟ್ಟು ಮರೆತರೆ ಬೂಸಲು ಹಿಡಿಯುತ್ತದೆ. ಏಸಿ ಕೋಣೆಯಿಂದ ಹೊರತಂದ ಕ್ಯಾಮೆರಾವನ್ನು ಚೀಲ ತೆರೆಯದೆ ಅರ್ಧ ಗಂಟೆ ಬಿಟ್ಟರೆ ಗಾಜಿನ ಮೇಲೆ ಹಬೆ ಕಟ್ಟುವುದಿಲ್ಲ. ಪ್ರತಿ ಸಂಜೆ ಹಸಿಬಟ್ಟೆಯಿಂದ ಕ್ಯಾಮೆರಾದ ಹೊರಮೈಯನ್ನೂ ಟ್ರೈಪಾಡಿನ ಕೀಲುಗಳನ್ನೂ ಒರೆಸಿ ಒಣಗಿಸುವುದನ್ನು ರೂಢಿ ಮಾಡಿಕೊಳ್ಳಿ.

ಹಂತ 5: ಚಿತ್ರೀಕರಣ

ಕೆಲಸವೊಂದನ್ನು ಚಿತ್ರೀಕರಿಸುವಾಗ ಮೊದಲ ಬಾರಿ ಅದನ್ನು ಆರಂಭದಿಂದ ಕೊನೆಯವರೆಗೆ, ಆದಷ್ಟು ಕಡಿತವಿಲ್ಲದೆ, ದೂರದಿಂದ ಹಿಡಿಯಿರಿ. ರಂಪಣಿ ಎಳೆಯುವಾಗ ಎರಡೂ ಹಗ್ಗಗಳನ್ನು ಎಷ್ಟು ಜನ ಹಿಡಿದಿದ್ದಾರೆ, ಯಾರು ಕೂಗುತ್ತಾರೆ, ಬಲೆ ದಡ ಮುಟ್ಟುವ ಹೊತ್ತಿಗೆ ಹೆಂಗಸರು ಬುಟ್ಟಿ ಹಿಡಿದು ಎಲ್ಲಿ ಬಂದು ನಿಲ್ಲುತ್ತಾರೆ ಎಂಬುದೆಲ್ಲ ಆ ಒಂದೇ ದೃಶ್ಯದಲ್ಲಿ ತಿಳಿಯುತ್ತದೆ. ಎರಡನೆಯ ಬಾರಿ ಕೈಗಳನ್ನು ಹಿಡಿಯಿರಿ, ಮೂರನೆಯ ಬಾರಿ ನೋಡುತ್ತಿರುವವರ ಮುಖಗಳನ್ನು. ಮೊದಲೇ ಸಮೀಪದೃಶ್ಯಗಳಿಗೆ ಹೋದರೆ ಮೀನಿನ ಹೊಳಪು ಸಿಗುತ್ತದೆ, ಪಾಲು ಹಂಚುವಾಗಿನ ಜಗಳ ತಪ್ಪಿಹೋಗುತ್ತದೆ.

ಇದ್ದದ್ದನ್ನು ಇದ್ದಂತೆ ಬಿಡಿ. ಪ್ಲಾಸ್ಟಿಕ್ ಬಕೆಟ್ ತೆಗೆಸಿ ಬಿದಿರಬುಟ್ಟಿ ಇಡಿಸುವುದು, ನೈಟಿ ತೊಟ್ಟ ಅಕ್ಕನಿಗೆ ಕಂಠತುಂಬ ಮಣಿಸರ ಹಾಕಿಕೊಂಡು ಬರಲು ಹೇಳುವುದು ಈ ಕಲೆಯ ಹಳೆಯ ರೋಗ. 1922ರಲ್ಲಿ ತೆರೆಕಂಡ ರಾಬರ್ಟ್ ಫ್ಲಾಹರ್ಟಿಯ ಚಿತ್ರದಲ್ಲಿ, ಆ ಹೊತ್ತಿಗಾಗಲೇ ಬಂದೂಕು ಬಳಸುತ್ತಿದ್ದ ಉತ್ತರ ಕೆನಡಾದ ಇನ್ಯೂಟ್ ಬೇಟೆಗಾರರು ಈಟಿಯಿಂದ ಬೇಟೆಯಾಡಿ ತೋರಿಸುತ್ತಾರೆ. ಈಗ ನಿಂತುಹೋಗಿರುವ ಆಚರಣೆಯೊಂದನ್ನು ಊರವರೇ ಮತ್ತೆ ಮಾಡಿ ತೋರಿಸುತ್ತೇವೆಂದರೆ ಅಡ್ಡಿಯಿಲ್ಲ. ಅದು ಮಾಡಿ ತೋರಿಸಿದ್ದು ಎಂಬುದನ್ನು ಚಿತ್ರ ಮುಚ್ಚಿಡಬಾರದು.

ಸಂದರ್ಶನವನ್ನು ಕೆಲಸದ ನಡುವೆ ನಡೆಸುವುದು ಲೇಸು. ಕುರ್ಚಿ ಹಾಕಿ, ಹಿಂದೆ ತುಳಸಿಕಟ್ಟೆ ಕಾಣುವಂತೆ ಕೂರಿಸಿ ಕೇಳಿದರೆ ಜನ ಟಿವಿಯವರಿಗೆ ಕೊಡುವ ಉತ್ತರವನ್ನೇ ಕೊಡುತ್ತಾರೆ. ಬಲೆ ಹೆಣೆಯುತ್ತಾ, ಅಡಕೆ ಸುಲಿಯುತ್ತಾ ಇರುವವರ ಮಾತು ಬೇರೆಯೇ ಜಾಡಿನಲ್ಲಿ ಹೋಗುತ್ತದೆ. ನಿಮ್ಮ ಗ್ರಂಥದ ಕನ್ನಡಕ್ಕೆ ಅವರು ತಮ್ಮ ಮಾತನ್ನು ತಿದ್ದಿಕೊಳ್ಳಲು ಬಿಡಬೇಡಿ. ಕಾರವಾರದ ಕೊಂಕಣಿ, ಹಾಲಕ್ಕಿ ಕನ್ನಡ, ಹವ್ಯಕ ಮಾತು ನಿಮಗೆ ಬಾರದಿದ್ದರೆ ಅದೇ ಸಮುದಾಯದ ಒಬ್ಬರು ತಂಡದಲ್ಲಿರಬೇಕು, ಮತ್ತು ಅವರ ಹೆಸರು ಸಹನಿರ್ದೇಶಕರೆಂದೇ ಬರಬೇಕು. "ಸ್ಥಳೀಯ ಸಹಾಯ" ಎಂದು ಕೊನೆಯಲ್ಲಿ ಓಡಿಸುವ ಸಣ್ಣ ಅಕ್ಷರದ ಸಾಲು ಅವರ ಕೆಲಸಕ್ಕೆ ನ್ಯಾಯವಲ್ಲ. ಪ್ರಶ್ನೆ ಕೇಳಿದ ಮೇಲೆ ಸುಮ್ಮನಿರಿ. ನೀವು ಬಾಯಿ ಹಾಕದಿದ್ದರೆ ಉತ್ತರದ ನಂತರದ ಉತ್ತರ ಬರುತ್ತದೆ.

ಆಯಾ ದಿನದ ಕಡತಗಳನ್ನು ಆಯಾ ರಾತ್ರಿಯೇ ಎರಡು ಹಾರ್ಡ್‌ಡಿಸ್ಕಿಗೆ ಹಾಕಿ, ಮೂರನೆಯ ಪ್ರತಿಯನ್ನು ಬೇರೆ ಊರಿನಲ್ಲಿಡಿ. ಸೆಕೆಂಡಿಗೆ 100 ಮೆಗಾಬಿಟ್ ವೇಗದಲ್ಲಿ ದಾಖಲಿಸಿದರೆ ಗಂಟೆಗೆ 45 ಜಿಬಿ ಆಗುತ್ತದೆ. ಅದರಂತೆ ಖರ್ಚನ್ನು ಮೊದಲೇ ಲೆಕ್ಕಹಾಕಿ. ಪ್ರತಿ ಕಡತದ ಹೆಸರಿನಲ್ಲಿ ದಿನಾಂಕ, ಊರು ಇರಲಿ, ಜೊತೆಗೆ ಒಂದು ದಿನಚರಿಯಲ್ಲಿ ಯಾರಿದ್ದರು, ಏನಾಯಿತು, ಯಾವುದನ್ನು ತೋರಿಸಬಾರದೆಂದರು ಎಂಬುದನ್ನು ಬರೆದಿಡಿ.

ಹಂತ 6: ಸಂಕಲನ ಮತ್ತು ಅಡಿಬರಹ

ಸಂಕಲನ ಮೇಜಿಗೆ ಕೂರುವ ಮೊದಲು ಎಲ್ಲ ಮಾತುಗಳನ್ನೂ ಆಡಿದಂತೆಯೇ ಬರೆದುಕೊಳ್ಳಿ. ಬೇಸರದ ಕೆಲಸ, ಆದರೆ ಇದನ್ನು ಮಾಡದವರು ತಮಗೆ ನೆನಪಿರುವ ಮಾತುಗಳಿಂದ ಮಾತ್ರ ಚಿತ್ರ ಕಟ್ಟುತ್ತಾರೆ, ನೆನಪಿರುವುದು ಬಹುಶಃ ಚೆನ್ನಾಗಿ ಮಾತನಾಡುವ ಗಂಡಸರ ಮಾತು. ಬರೆದ ಪ್ರತಿಯನ್ನು ಓದಿದಾಗ ಯಾರು ಎಷ್ಟು ಮಾತನಾಡಿದ್ದಾರೆ, ಯಾರ ದನಿ ಇಲ್ಲವೇ ಇಲ್ಲ ಎಂಬುದು ಕಣ್ಣಿಗೆ ಹೊಡೆಯುತ್ತದೆ. ಸಂಕಲನದ ತಂತ್ರಾಂಶ ಯಾವುದಾದರೂ ಆದೀತು. ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿಯೇ ಧಾರಾಳ.

ನಿರೂಪಣೆಯ ದನಿ ಅಗತ್ಯವೇ ಎಂಬುದನ್ನು ಕೊನೆಯಲ್ಲಿ ನಿರ್ಧರಿಸಿ. ಜಂತ್ರಡಿ ಹೇಗೆ ಕೆಲಸ ಮಾಡುತ್ತದೆಂದು ಊರಿನ ಹಿರಿಯರೇ ತೋರಿಸುತ್ತಿರುವಾಗ, ಸ್ಟುಡಿಯೋದ ಗಂಭೀರ ಕಂಠ ಅದನ್ನು ಮತ್ತೆ ವಿವರಿಸಬೇಕಿಲ್ಲ. ಹಿನ್ನೆಲೆ ಸಂಗೀತದ ಬಗ್ಗೆ ನನ್ನ ಅಭಿಪ್ರಾಯ ಇನ್ನೂ ಕಠಿಣವಾಗಿದೆ: ಕೊಳಲು ಮತ್ತು ಸಿಂಥಸೈಸರ್ ಸೇರಿಸಿದ "ಜಾನಪದ" ಸಂಗೀತ ಈ ನೆಲದ ಯಾವ ಹಾಡನ್ನೂ ಹೋಲುವುದಿಲ್ಲ.

ಅಡಿಬರಹ ಕನ್ನಡಿಗರಿಗೂ ಬೇಕು. ಹಾಲಕ್ಕಿ ಹಾಡು ಮೈಸೂರಿನವರಿಗೆ, ಕಾರವಾರದ ಕೊಂಕಣಿ ಶಿರಸಿಯವರಿಗೆ ಪೂರ್ತಿ ತಿಳಿಯುವುದಿಲ್ಲ. ಪರದೆಯಲ್ಲಿ ಎರಡು ಸಾಲಿಗಿಂತ ಹೆಚ್ಚು ಬೇಡ; ಕನ್ನಡದ ಒತ್ತಕ್ಷರಗಳು ಕೆಳಗಿಳಿಯುವುದರಿಂದ ಸಾಲುಗಳ ನಡುವೆ ಜಾಗ ಬಿಡಿ. ಹಳೆಯ ನುಡಿ ಅಕ್ಷರಶೈಲಿಯ ಆಸ್ಕಿ ಪಠ್ಯವನ್ನು ಬಳಸಿದರೆ ಯೂಟ್ಯೂಬಿನಲ್ಲಿ ಅದು ಅರ್ಥವಿಲ್ಲದ ಚಿಹ್ನೆಗಳಾಗುತ್ತದೆ. ಯೂನಿಕೋಡಿನಲ್ಲಿಯೇ ಟೈಪ್ ಮಾಡಿ, ಅಡಿಬರಹಗಳ ಎಸ್‌ಆರ್‌ಟಿ ಕಡತವಾಗಿ ಉಳಿಸಿಕೊಳ್ಳಿ. ಪ್ರೀಮಿಯರ್ ಪ್ರೊ ತಂತ್ರಾಂಶ ಬಳಸುವವರು ಪಠ್ಯದ ಆಯ್ಕೆಗಳಲ್ಲಿ ದಕ್ಷಿಣ ಏಷ್ಯಾ ಲಿಪಿಗಳ ವ್ಯವಸ್ಥೆಯನ್ನು ಚಾಲೂ ಮಾಡದಿದ್ದರೆ ಒತ್ತಕ್ಷರಗಳು ಒಡೆದು ಬೀಳುತ್ತವೆ.

ಹಂತ 7: ಮೊದಲ ಪ್ರದರ್ಶನ, ಊರಿನಲ್ಲಿ

ಕರಡು ಸಂಕಲನ ಸಿದ್ಧವಾದೊಡನೆ, ಬಣ್ಣ ತಿದ್ದುವ ಮೊದಲು, ಧ್ವನಿ ಹದಗೊಳಿಸುವ ಮೊದಲು ಊರಿಗೆ ಒಯ್ಯಿರಿ. ಎಲ್ಲ ಮುಗಿಸಿ ಒಯ್ದರೆ ನಿಮಗೆ ಬದಲಾಯಿಸುವ ಮನಸ್ಸಿರುವುದಿಲ್ಲ, ಅವರಿಗೂ ಅದು ತಿಳಿಯುತ್ತದೆ. ಫ್ರಾನ್ಸಿನ ಸಾಕ್ಷ್ಯಚಿತ್ರ ನಿರ್ದೇಶಕ ಝ್ಯಾಂ ರೂಶ್ ಐವತ್ತರ ದಶಕದಲ್ಲಿ ನೈಜರ್ ನದಿಯ ದಡದ ಸೊರ್ಕೋ ಬೇಟೆಗಾರರಿಗೆ ಅವರದೇ ನೀರಾನೆ ಬೇಟೆಯ ಚಿತ್ರವನ್ನು ತೋರಿಸಿದಾಗ, ಅವರು ಹಿನ್ನೆಲೆ ಸಂಗೀತವನ್ನು ಆಕ್ಷೇಪಿಸಿದರಂತೆ: ಬೇಟೆಯ ಹೊತ್ತಿಗೆ ಸದ್ದೇ ಇರಬಾರದು, ಇಷ್ಟು ಗದ್ದಲವಿದ್ದರೆ ನೀರಾನೆ ಓಡಿಹೋಗುತ್ತದೆ. ರೂಶ್ ಸಂಗೀತವನ್ನು ತೆಗೆದುಹಾಕಿದರು, ಮುಂದೆ ಚಿತ್ರದಲ್ಲಿರುವವರಿಗೆ ತೋರಿಸಿ ಅವರ ಮಾತು ಕೇಳುವುದನ್ನು ತಮ್ಮ ಕ್ರಮವನ್ನಾಗಿಯೇ ಮಾಡಿಕೊಂಡರು.

ಪ್ರದರ್ಶನದ ದಿನವನ್ನು ಊರವರೇ ಗೊತ್ತುಮಾಡಲಿ. ಮೀನುಗಾರರು ಜೂನ್, ಜುಲೈನಲ್ಲಿ ಮನೆಯಲ್ಲಿರುತ್ತಾರೆ, ಆದರೆ ಹೊರಗೆ ಮಳೆ, ಕರೆಂಟಿನ ಭರವಸೆಯೂ ಇಲ್ಲ. ಆಗ ಶಾಲೆಯ ಕೋಣೆ ಅಥವಾ ದೇವಸ್ಥಾನದ ಸಭಾಭವನ, ಜೊತೆಗೆ ಜನರೇಟರ್ ಬೇಕು. ಬಯಲಿನಲ್ಲಿ ತೋರಿಸುವುದಾದರೆ ದೀಪಾವಳಿಯ ನಂತರ, ಆದರೆ ಅಂದು ಹತ್ತಿರದಲ್ಲಿ ಯಕ್ಷಗಾನದ ಆಟವಿಲ್ಲವೆಂದು ಖಚಿತಪಡಿಸಿಕೊಳ್ಳಿ. ಆಟವಿದ್ದರೆ ನಿಮ್ಮ ಚಿತ್ರಕ್ಕೆ ಮಕ್ಕಳಷ್ಟೇ ಉಳಿಯುತ್ತಾರೆ. ಬಿಳಿ ಪರದೆ, 3000 ಲ್ಯೂಮೆನ್ಸ್ ಆಸುಪಾಸಿನ ಪ್ರೊಜೆಕ್ಟರ್ ಸಾಕು. ಧ್ವನಿಗೆ ಮಾತ್ರ ಊರಿನ ಸೌಂಡ್ ಸಿಸ್ಟಮ್‌ನವರನ್ನೇ ಕರೆಯಿರಿ, ಹಿಂದಿನ ಸಾಲಿಗೂ ಮಾತು ಕೇಳಬೇಕು. ಮೊದಲ ಸಲ ನೋಡುವಾಗ ಜನ ಪರಸ್ಪರರ ಮುಖ ನೋಡಿ ನಗುತ್ತಾರೆ, ತೀರಿಕೊಂಡವರು ಕಂಡರೆ ಅಳುತ್ತಾರೆ, ಚಿತ್ರದ ವಿಷಯ ಯಾರ ತಲೆಗೂ ಹೋಗುವುದಿಲ್ಲ. ಚಹಾದ ಬಳಿಕ, ಅಥವಾ ಮರುದಿನ, ಇನ್ನೊಮ್ಮೆ ತೋರಿಸಿ. ಮಾತು ಹುಟ್ಟುವುದು ಎರಡನೆಯ ಪ್ರದರ್ಶನದಲ್ಲಿ.

ಊರೆಲ್ಲ ಸೇರಿದ ಸಭೆಯಲ್ಲಿ ಮೊದಲು ಮಾತನಾಡುವವರು ಯಾರೆಂಬುದು ಎಲ್ಲರಿಗೂ ಗೊತ್ತಿದ್ದದ್ದೇ. ಆದ್ದರಿಂದ ಹೆಂಗಸರಿಗೆ ಬೇರೆಯಾಗಿ, ಮೀನು ಮಾರಿ ಬಂದು ಅಡುಗೆ ಮುಗಿಸಿದ ಹೊತ್ತಿಗೆ, ಒಂದು ಮನೆಯ ಟಿವಿಯಲ್ಲಾದರೂ ತೋರಿಸಿ. ಅಲ್ಲಿ ಬರುವ ಆಕ್ಷೇಪ ಬೇರೆ ಇರುತ್ತದೆ. ಎಲ್ಲ ಮಾತನ್ನೂ ದಾಖಲಿಸಿಕೊಂಡು, ಮೂರು ಬಗೆಯಾಗಿ ನೋಡಬಹುದು. ವಾಸ್ತವಾಂಶ ತಪ್ಪಿದ್ದರೆ, ಹಾಡಿನ ಸಾಲು ಹಿಂದುಮುಂದಾಗಿದ್ದರೆ, ಸಂಬಂಧ ತಪ್ಪಾಗಿ ಬರೆದಿದ್ದರೆ, ಚರ್ಚೆಯಿಲ್ಲದೆ ತಿದ್ದಬೇಕು. ಯಾರಿಗಾದರೂ ಹಾನಿಯಾಗುತ್ತದೆಂದರೆ, ಅದು ಚಿತ್ರದ ಅತ್ಯುತ್ತಮ ದೃಶ್ಯವೇ ಆಗಿದ್ದರೂ ತೆಗೆಯಬೇಕು. ಆದರೆ "ನಮ್ಮ ಊರಿನ ಜಗಳ ತೋರಿಸಬೇಡಿ", "ಸಿಗಡಿ ಕೆರೆಯವರ ಮಾತು ಬೇಡ" ಎಂಬಂಥ ಅಭಿಪ್ರಾಯಭೇದ ಬಂದಾಗ ತಕ್ಷಣ ಕತ್ತರಿ ಹಿಡಿಯಬೇಕಿಲ್ಲ. ಆಕ್ಷೇಪಿಸಿದವರ ಉತ್ತರವನ್ನೂ ಚಿತ್ರದೊಳಗೆ ಸೇರಿಸಿದರೆ ಎಷ್ಟೋ ಬಾರಿ ಎರಡೂ ಕಡೆಯವರು ಒಪ್ಪುತ್ತಾರೆ, ಚಿತ್ರವೂ ಗಟ್ಟಿಯಾಗುತ್ತದೆ.

ಹಂತ 8: ಹೊರಗಿನ ಪ್ರೇಕ್ಷಕರು

ಅಂತಿಮ ಪ್ರತಿ ಸಿದ್ಧವಾದ ಮೇಲೆ ಜಿಲ್ಲೆಯ ಕಾಲೇಜುಗಳು, ಗ್ರಂಥಾಲಯಗಳು, ಶಿರಸಿ, ಕಾರವಾರದ ಸಾಹಿತ್ಯ ಗೋಷ್ಠಿಗಳು ಹತ್ತಿರದ ವೇದಿಕೆಗಳು. ಘಟ್ಟದ ಮೇಲೆ ಹೆಗ್ಗೋಡಿನ ನೀನಾಸಂ 1973ರಲ್ಲಿಯೇ ಚಿತ್ರಸಮಾಜ ಕಟ್ಟಿ ಹಳ್ಳಿಗರಿಗೆ ಜಗತ್ತಿನ ಸಿನಿಮಾ ತೋರಿಸಿದ ಪ್ರದೇಶವಿದು. ಚಿತ್ರ ನೋಡಿ ಮಾತನಾಡುವ ರೂಢಿ ಇಲ್ಲಿ ಹೊಸದಲ್ಲ. ಸಾಧ್ಯವಾದಲ್ಲೆಲ್ಲ ಚಿತ್ರದಲ್ಲಿರುವ ಒಬ್ಬರನ್ನು ಜೊತೆಗೆ ಕರೆದೊಯ್ಯಿರಿ, ಪ್ರಶ್ನೆಗಳಿಗೆ ಅವರು ಉತ್ತರಿಸಲಿ, ಹೋಗಿಬರುವ ಖರ್ಚು ಮತ್ತು ಆ ದಿನದ ದುಡಿಮೆ ನಿಮ್ಮ ಲೆಕ್ಕದಲ್ಲಿರಲಿ.

ಚಿತ್ರಮಂದಿರದಲ್ಲಿ ಪ್ರದರ್ಶಿಸುವುದಾದರೆ 1952ರ ಸಿನಿಮಾಟೋಗ್ರಾಫ್ ಕಾಯ್ದೆಯಂತೆ ಪ್ರಮಾಣಪತ್ರ ಬೇಕು. ಅದನ್ನು ಕೊಡುವ ಕೇಂದ್ರ ಮಂಡಳಿಯ ಪ್ರಾದೇಶಿಕ ಕಚೇರಿ ಬೆಂಗಳೂರಿನಲ್ಲಿದೆ. ಚಲನಚಿತ್ರೋತ್ಸವಗಳು ತಾವು ತೋರಿಸುವ ಚಿತ್ರಗಳಿಗೆ ಮಾಹಿತಿ ಮತ್ತು ಪ್ರಸಾರ ಸಚಿವಾಲಯದಿಂದ ವಿನಾಯಿತಿ ಪಡೆಯುತ್ತವೆ. ಮುಂಬಯಿ ಅಂತಾರಾಷ್ಟ್ರೀಯ ಚಿತ್ರೋತ್ಸವ ಮತ್ತು ಕೇರಳದ ಸಾಕ್ಷ್ಯಚಿತ್ರ ಮತ್ತು ಕಿರುಚಿತ್ರ ಉತ್ಸವಗಳು ಇಂಥ ಚಿತ್ರಗಳಿಗೆ ಸರಿಯಾದ ಜಾಗ. ಬ್ರಿಟನ್ನಿನ ರಾಯಲ್ ಆಂಥ್ರಪಾಲಜಿಕಲ್ ಇನ್‌ಸ್ಟಿಟ್ಯೂಟ್ ಜನಾಂಗೀಯ ಚಿತ್ರಗಳಿಗೆಂದೇ ಉತ್ಸವ ನಡೆಸುತ್ತದೆ. ಹಲವು ಉತ್ಸವಗಳು ಮೊದಲ ಪ್ರದರ್ಶನ ತಮ್ಮಲ್ಲೇ ಆಗಬೇಕೆನ್ನುವುದರಿಂದ ಯೂಟ್ಯೂಬಿಗೆ ಹಾಕಲು ಆತುರಪಡಬೇಡಿ. ಊರಿನ ಕರಡು ಪ್ರದರ್ಶನವನ್ನು ಇದಕ್ಕಾಗಿ ಬಿಡಬೇಕಾಗಿಲ್ಲ.

ಯೂಟ್ಯೂಬಿಗೆ ಹಾಕುವಾಗ ಶೀರ್ಷಿಕೆ, ವಿವರಣೆ ಕನ್ನಡದಲ್ಲಿರಲಿ, ಹಾಡಿದವರ ಹೆಸರನ್ನು ಅವರು ಒಪ್ಪಿದ್ದರೆ ವಿವರಣೆಯ ಮೊದಲ ಸಾಲಿನಲ್ಲೇ ಬರೆಯಿರಿ, ಪ್ರತಿಕ್ರಿಯೆಗಳನ್ನು ಪರಿಶೀಲಿಸಿದ ಬಳಿಕವೇ ಕಾಣುವಂತೆ ಮಾಡಿ. ಜಾತಿಯ ಹೆಸರು ಹಿಡಿದು ಬರೆಯುವ ಕೊಳಕು ಮಾತನ್ನು ಚಿತ್ರದಲ್ಲಿರುವವರ ಮಕ್ಕಳು ಓದುತ್ತಾರೆ. ಊರಿನವರಿಗೆ ಚಿತ್ರವನ್ನು ಪೆನ್‌ಡ್ರೈವಿನಲ್ಲಿ ಕೊಡುವುದರ ಜೊತೆಗೆ 720ಪಿ ಅಳತೆಯ ಚಿಕ್ಕ ಪ್ರತಿಯನ್ನೂ ಕೊಡಿ. ವಾಟ್ಸಾಪಿನಲ್ಲಿ ದಾಖಲೆಯಾಗಿ 2 ಜಿಬಿಯವರೆಗೆ ಕಳಿಸಬಹುದು, ಜನ ನೋಡುವುದೂ ಅದರಲ್ಲಿಯೇ.

ಚಿತ್ರದಲ್ಲಿ ಬಳಸಿದ್ದು ಚಿತ್ರೀಕರಿಸಿದ್ದರ ಸಣ್ಣ ಪಾಲು. ಉಳಿದ ಹಾಡು, ಮಾತು, ಕೆಲಸಗಳ ದಾಖಲೆಯನ್ನು ನಿಮ್ಮ ಹಾರ್ಡ್‌ಡಿಸ್ಕಿನಲ್ಲಿ ಸಾಯಲು ಬಿಡಬೇಡಿ. ಹಾವೇರಿ ಜಿಲ್ಲೆಯ ಗೊಟಗೋಡಿಯಲ್ಲಿರುವ ಕರ್ನಾಟಕ ಜಾನಪದ ವಿಶ್ವವಿದ್ಯಾಲಯ, ಹಂಪಿಯ ಕನ್ನಡ ವಿಶ್ವವಿದ್ಯಾಲಯ, ಹಾಡು, ವಾದ್ಯಗಳ ಮಟ್ಟಿಗೆ 1982ರಲ್ಲಿ ಪುಣೆಯಲ್ಲಿ ಆರಂಭವಾಗಿ ಈಗ ಗುರುಗ್ರಾಮದಲ್ಲಿರುವ ಅಮೆರಿಕನ್ ಇನ್‌ಸ್ಟಿಟ್ಯೂಟ್ ಆಫ್ ಇಂಡಿಯನ್ ಸ್ಟಡೀಸ್‌ನ ಜನಾಂಗೀಯ ಸಂಗೀತ ಸಂಗ್ರಹಾಲಯ, ಇಂಥ ಸಂಸ್ಥೆಗಳನ್ನು ಸಂಪರ್ಕಿಸಿ. ಒಪ್ಪಿಸುವಾಗ ಕಡತಗಳ ಜೊತೆ ದಿನಚರಿ, ಬರೆದ ಮಾತಿನ ಪ್ರತಿ ಮತ್ತು ಒಪ್ಪಿಗೆ ಪತ್ರಗಳನ್ನೂ ಸೇರಿಸಿ, ಯಾವುದನ್ನು ಎಲ್ಲರೂ ಕೇಳಬಹುದು, ಯಾವುದಕ್ಕೆ ಕುಟುಂಬದ ಅನುಮತಿ ಬೇಕು, ಯಾವುದನ್ನು ಇಂತಿಷ್ಟು ವರ್ಷ ಮುಚ್ಚಿಡಬೇಕು ಎಂಬುದನ್ನು ಲಿಖಿತವಾಗಿ ತಿಳಿಸಿ. ಆ ಷರತ್ತುಪತ್ರದ ಒಂದು ಪ್ರತಿ ಹಾಡಿದವರ ಮನೆಯಲ್ಲಿರಬೇಕು. ಅವರು ಇಲ್ಲವಾದ ಮೇಲೆ ಸಂಗ್ರಹಾಲಯದವರು ಯಾರನ್ನು ಕೇಳಬೇಕೆಂಬುದನ್ನೂ, ಅವರೇ ಹೇಳಿದಂತೆ, ಅದರಲ್ಲಿಯೇ ಬರೆದಿಡಿ.